ಅಮ್ಮನ ಬೆನ್ನಿನ ಎಕ್ಸ್‌ರೇ

ನನ್ನ ಹೆಂಡತಿಗೆ ಎಕ್ಸ್‌ರೇ ತೆಗೆಯುವುದನ್ನು ಕಲಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಆಸ್ಪತ್ರೆಯಲ್ಲಿ ಈಗ ಯಾರಿಗೂ ಇದು ನೆನಪಿಲ್ಲ. ತರಬೇತಿಗೆಂದು ಬಂದ ಹೊಸತರಲ್ಲಿ, ಕೈಯ ಎಕ್ಸ್‌ರೇಗೆ ಬಂದವರ ಉಂಗುರ ಬಿಚ್ಚಿಸಬೇಕೆಂಬುದೂ ಅವಳಿಗೆ ಹೊಳೆಯುತ್ತಿರಲಿಲ್ಲ. ನನ್ನನ್ನು 'ಸಾರ್' ಎನ್ನುತ್ತಿದ್ದಳು. ಮದುವೆಯಾದ ಮೇಲೂ ಆಸ್ಪತ್ರೆಯ ಗೇಟು ದಾಟಿದ ಕೂಡಲೇ 'ಸಾರ್', ಮನೆಗೆ ಬಂದರೆ 'ರೀ'. ಆದರೆ ಆ 'ಸಾರ್'ನಲ್ಲಿ ಮೊದಲಿನ ತೂಕ ಈಗ ಇಲ್ಲ. ಬಸ್ ಕಂಡಕ್ಟರನನ್ನು ಸಾರ್ ಎಂದ ಹಾಗೆ ಕೇಳಿಸುತ್ತದೆ.

ನಾನೇನು ಕೆಟ್ಟ ಕೆಲಸಗಾರನಲ್ಲ. ಕೈ, ಕಾಲು, ಎದೆ, ತಲೆ, ಯಾವುದೇ ಇರಲಿ, ಒಂದೇ ಸಲಕ್ಕೆ ಚಿತ್ರ ಬರುತ್ತದೆ. ಅದಕ್ಕೇ ನನಗೆ 'ಸಿಂಗಲ್ ಶಾಟ್' ಎಂಬ ಅಡ್ಡಹೆಸರು. ಇಟ್ಟವರು ನಮ್ಮ ಮೂಳೆ ಡಾಕ್ಟರು. ಅದೇ ಮೂಳೆ ಡಾಕ್ಟರು ಒಂದು ದಿನ ರೋಗಿಯ ಕೈಯಲ್ಲಿ ಕೊಟ್ಟು ಕಳಿಸಿದ ಚೀಟಿಯ ಕೊನೆಗೆ 'ಮೇಡಂ ತೆಗೆಯಲಿ' ಎಂದು ಬರೆದಿದ್ದರು. ಮೇಡಂ ಎಂದರೆ ನನ್ನ ಹೆಂಡತಿ. ಆ ಚೀಟಿ ಓದಿದಾಗ ನನ್ನ ಕಿವಿ ಬಿಸಿಯಾಯಿತು. ರೋಗಿ ನನ್ನ ಮುಖ ನೋಡಿ, "ಯಾಕೆ ಸಾರ್, ಏನಾದ್ರೂ ಸೀರಿಯಸ್ಸಾ?" ಎಂದು ಗಾಬರಿಯಾಗಿ ಕೇಳಿದ. ಸೀರಿಯಸ್ಸೇ, ಆದರೆ ಅವನಿಗಲ್ಲ.

ವಿಷಯ ಇಷ್ಟು. ಬೆನ್ನುಮೂಳೆಯನ್ನು ಪಕ್ಕದಿಂದ ತೆಗೆಯುವುದು ನಮ್ಮ ಕೆಲಸದಲ್ಲಿ ಕಷ್ಟದ ಕೆಲಸ. ತೆಳ್ಳಗಿನವರಾದರೆ ಸಲೀಸು. ಮೈ ದೊಡ್ಡದಾದಷ್ಟೂ ಕಿರಣ ಒಳಹೊಕ್ಕು ದಿಕ್ಕಾಪಾಲಾಗಿ ಚದರುತ್ತದೆ. ಹಾಗೆ ಚದರಿದ್ದೆಲ್ಲ ಚಿತ್ರದ ಮೇಲೆ ಬೂದಿ ಎರಚಿದಂತೆ ಕೂರುತ್ತದೆ. ನಾವು ಅದನ್ನು ಮಂಜು ಎನ್ನುತ್ತೇವೆ. ಮಂಜು ಬಂದರೆ ಮೂಳೆ ಯಾವುದು, ಮಾಂಸ ಯಾವುದು ತಿಳಿಯುವುದಿಲ್ಲ. ದಪ್ಪಗಿನವರ ಬೆನ್ನು ತೆಗೆದಾಗಲೆಲ್ಲ ನನಗೆ ಮಂಜೇ ಬರುತ್ತಿತ್ತು. ಇದು ನನ್ನ ತಪ್ಪಲ್ಲ, ಮೈಯ ತಪ್ಪು ಎಂದೇ ನಾನು ನಂಬಿದ್ದೆ. ಎಲ್ಲರೂ ಹಾಗೇ ನಂಬಿದ್ದರು. ಇವಳು ಬರುವವರೆಗೆ.

ಲಾರಿ ಡ್ರೈವರ್ ಒಬ್ಬ ಬಂದಿದ್ದ. ಆಳು ಬಾಗಿಲಲ್ಲಿ ನಿಂತರೆ ಕಾರಿಡಾರಿನ ಬೆಳಕು ಒಳಗೆ ಬರುತ್ತಿರಲಿಲ್ಲ. ನಾನು ಅವನನ್ನು ಎಡಮಗ್ಗುಲಿಗೆ ಮಲಗಿಸಿ, ಕಣ್ಣಳತೆಯಲ್ಲೇ ಮೈಯ ನಟ್ಟನಡುವೆ ಬೆಳಕಿನ ಗುರುತು ಬಿಟ್ಟೆ. ಏನೂ ತಪ್ಪಿಹೋಗದಿರಲಿ ಎಂದು ಬೆಳಕಿನ ಚೌಕವನ್ನು ಪೂರ್ತಿ ಅಗಲಿಸಿದೆ. ದೊಡ್ಡ ಮೈಗೆ ದೊಡ್ಡ ಬೆಳಕು, ಇದು ನನ್ನ ಲೆಕ್ಕ. ಬಂದದ್ದು ಮಂಜು. ಪಕ್ಕದ ರೂಮಿನಿಂದ ಇವಳು ಬಂದು, "ಸಾರ್, ನಾನೊಂದು ಸಲ ನೋಡ್ಲಾ?" ಎಂದಳು. ರೋಗಿಯ ಎದುರಿಗೆ ಬೇಡ ಎನ್ನಲಾಗಲಿಲ್ಲ.

ಇವಳು ಮೊದಲು ಯಂತ್ರದ ಹತ್ತಿರ ಹೋಗಲೇ ಇಲ್ಲ. ಡ್ರೈವರನ ಮುಖದ ಹತ್ತಿರ ಬಗ್ಗಿ, "ಅಣ್ಣಾ, ನಿಮ್ಮ ಸೊಂಟದ ಮೂಳೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬೆಲ್ಟಿಗಿಂತ ಸ್ವಲ್ಪ ಮೇಲೆ, ಪಕ್ಕದಲ್ಲಿ ಒತ್ತಿದ್ರೆ ಗಟ್ಟಿಯಾಗಿ ಸಿಗುತ್ತಲ್ಲ, ಅಲ್ಲಿ ನಿಮ್ಮ ಹೆಬ್ಬೆರಳು ಇಡಿ," ಎಂದಳು. ಅವನು ತಡಕಾಡಿ ಇಟ್ಟ. ಎತ್ತರದ ಗುರುತು ಅಲ್ಲೇ ಸಿಕ್ಕಿತು. ಆಮೇಲೆ ಅವನ ಹಿಂದೆ ಹೋಗಿ, ಮುಟ್ಟಲೇ ಎಂದು ಕೇಳಿ, ಬೆನ್ನಿನ ನಡುವೆ ಸಾಲಾಗಿ ಕೈಗೆ ಸಿಗುವ ಮೂಳೆಯ ತುದಿಗಳನ್ನು ಬೆರಳಲ್ಲಿ ಹುಡುಕಿದಳು. ಅಲ್ಲಿಂದ ನಾಲ್ಕು ಬೆರಳು ಮುಂದಕ್ಕೆ ಗುರುತು ಬಿಟ್ಟಳು. ನಾನು ಬಿಟ್ಟ ಗುರುತಿಗೂ ಅವಳದಕ್ಕೂ ಒಂದು ಗೇಣಿನ ಅಂತರ. ಹೊಟ್ಟೆ ಮುಂದಕ್ಕೆ ಜಾರಿ ಮೇಜಿನ ಮೇಲೆ ಕೂತಿರುವಾಗ ಮೈಯ ನಡು ಎಂದರೆ ಹೊಟ್ಟೆಯ ನಡು, ಬೆನ್ನುಮೂಳೆಯ ನಡು ಅಲ್ಲ. ಬೆನ್ನುಮೂಳೆ ಎಷ್ಟೇ ದಪ್ಪಗಿನವರಲ್ಲೂ ಇರುವ ಕಡೆಯೇ ಇರುತ್ತದೆ, ಬೆನ್ನಿನ ಹತ್ತಿರ.

ಸೊಂಟದ ಕೆಳಗಿನ ಸಂದಿಗೆ ಸ್ಪಂಜು ತುರುಕಿ ಬೆನ್ನನ್ನು ಮಟ್ಟಸ ಮಾಡಿದಳು. ಹೊಟ್ಟೆಗೆ ಅಗಲ ಬಟ್ಟೆಪಟ್ಟಿ ಸುತ್ತಿ, ಅದರ ತುದಿಯನ್ನು ಅವನ ಕೈಗೇ ಕೊಟ್ಟು, "ಮುಂದಕ್ಕೆ ಎಳ್ಕೊಂಡಿರಿ," ಎಂದಳು. ಬೆನ್ನ ಹಿಂದೆ ಮೇಜಿನ ಮೇಲೆ ಸೀಸದ ರಬ್ಬರಿನ ಹಾಳೆ ಹಾಸಿದಳು, ಚದರಿ ಬರುವ ಕಿರಣವನ್ನು ಅದು ನುಂಗಲಿ ಎಂದು. ಕೊನೆಗೆ ನಾನು ಅಗಲಿಸಿದ್ದ ಬೆಳಕನ್ನು ಕಿರಿದು ಮಾಡಿ, ಮಾಡಿ, ಒಂದು ಶಾಲೆಪುಸ್ತಕದಷ್ಟು ಅಗಲಕ್ಕೆ ತಂದಳು. ದೊಡ್ಡ ಮೈಗೆ ಸಣ್ಣ ಬೆಳಕು. ನನಗೆ ನಗು ಬಂತು. "ಉಸಿರು ಬಿಡಿ ಅಣ್ಣಾ, ಪೂರ್ತಿ ಬಿಡಿ, ಹಾಗೇ ಇರಿ," ಎಂದು ಒತ್ತಿದಳು. ಚಿತ್ರ ಬಂತು. ಸೊಂಟದ ಭಾಗದ ಐದು ಮೂಳೆಗಳೂ ಎಣಿಸುವ ಹಾಗೆ ಕೂತಿದ್ದವು.

ಆ ಡ್ರೈವರ್ ಊರೆಲ್ಲ ಸುತ್ತುವವನು. ಹೋದಲ್ಲೆಲ್ಲ ಡಂಗುರ ಹೊಡೆದಿರಬೇಕು. ಮುಂದಿನ ತಿಂಗಳಿಂದ, "ಹೆಬ್ಬೆರಳು ಮೇಡಂ ಇದ್ದಾರಾ?" ಎಂದು ಕೇಳಿಕೊಂಡು ಜನ ಬರತೊಡಗಿದರು. ನಾನು ಕೌಂಟರಿನಲ್ಲಿ ಕೂತಿದ್ದರೆ, "ಪರವಾಗಿಲ್ಲ, ಕಾಯ್ತೀವಿ," ಎನ್ನುತ್ತಿದ್ದರು. ಕಾಯುವವರ ಬೆಂಚಿನಲ್ಲಿ ಇಬ್ಬರು ಕೂತರೆ ಮೂರನೆಯವರಿಗೆ ಜಾಗವಿರುತ್ತಿರಲಿಲ್ಲ. ಅವರೆಲ್ಲ ನನ್ನನ್ನು ದಾಟಿ ಅವಳ ಬಾಗಿಲನ್ನೇ ನೋಡುತ್ತ ಕೂರುವಾಗ ನನ್ನ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದ ಹಾಗಾಗುತ್ತಿತ್ತು.

ಅವಳ ಉಪಾಯವನ್ನೇ ನಾನೂ ಮಾಡಬಹುದಿತ್ತಲ್ಲ, ಎಂದು ಯಾರಾದರೂ ಕೇಳಬಹುದು. ಹೇಗೆ ಮಾಡಲಿ? ಸ್ಪಂಜು ಅವಳದು, ಪಟ್ಟಿ ಅವಳದು, ಹೆಬ್ಬೆರಳಂತೂ ಅವಳ ಹೆಸರಿಗೇ ಅಂಟಿಕೊಂಡಿದೆ. ನಾನು ಒಬ್ಬ ರೋಗಿಗೆ 'ಹೆಬ್ಬೆರಳು ಇಡಿ' ಎಂದರೆ ಮುಗಿಯಿತು, ನಾನು ಅವಳ ಶಿಷ್ಯ. ಅದಕ್ಕಿಂತ ಮಂಜೇ ವಾಸಿ. ಹೀಗೆ ನಾನು ದಪ್ಪಗಿನವರನ್ನೆಲ್ಲ ಅವಳ ರೂಮಿಗೆ ತಳ್ಳಿ, ನನಗೆ ಬೇಡದ ಕೆಲಸ ಅವಳಿಗೆ ಹೋಯಿತು ಎನ್ನುವವನ ಹಾಗೆ ಮುಖ ಮಾಡಿಕೊಂಡು ಇದ್ದೆ.

ಆಸ್ಪತ್ರೆಯಲ್ಲಿ ಸೋತವನು ಮನೆಯಲ್ಲಾದರೂ ಗೆಲ್ಲೋಣ ಎಂದರೆ, ಅಲ್ಲಿ ಅಮ್ಮ. ಅಮ್ಮ ಟೆಲಿಫೋನ್ ಆಪರೇಟರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ನಮ್ಮ ಜೊತೆ ಇದ್ದಾಳೆ. ಭಾರೀ ಮೈ, ಅದಕ್ಕೆ ತಕ್ಕ ನಗು. ಅತ್ತೆ ಸೊಸೆ ಎಂದರೆ ಎಣ್ಣೆ ಸೀಗೆಕಾಯಿ ಎಂದು ಲೋಕವೆಲ್ಲ ಹೇಳುತ್ತದೆ. ನಮ್ಮ ಮನೆಯಲ್ಲಿ ಆ ಭಾಗ್ಯವೂ ಇಲ್ಲ. ಅಮ್ಮ ಸೊಸೆಯನ್ನು 'ಪುಟ್ಟಿ' ಎನ್ನುತ್ತಾಳೆ, ನನ್ನನ್ನು 'ಏಯ್' ಎನ್ನುತ್ತಾಳೆ. ಅಮ್ಮನಿಗೆ ಬಗ್ಗಲು ಆಗುವುದಿಲ್ಲವೆಂದು ಕಾಲುಗುರು ಕತ್ತರಿಸುವವಳು ಪುಟ್ಟಿ. ಸಂಜೆ ಇಬ್ಬರೂ ಒಂದೇ ಸೋಫಾದಲ್ಲಿ ಕೂತು ಧಾರಾವಾಹಿ ನೋಡುತ್ತ, ಯಾರಿಗೋ ಬೈಯುತ್ತ, ಯಾರಿಗೋ ಅಳುತ್ತ ಇರುತ್ತಾರೆ. ನಾನು ಹೋದರೆ ಜಾಗವಿಲ್ಲ. "ಕುರ್ಚಿ ಎಳ್ಕೊಂಡು ಕೂತ್ಕೊಳೋ," ಎನ್ನುತ್ತಾಳೆ ನನ್ನ ಹೆತ್ತತಾಯಿ.

ನನಗೆ ಒಂದೇ ಆಸರೆ, ರಾತ್ರಿಯ ಊಟ. ಊಟದ ಮೇಜಿನಲ್ಲಿ ನಾನೇ ರಾಜ. ಆಸ್ಪತ್ರೆಯ ಕಥೆ ಹೇಳಿ ನಗಿಸುವುದು ನನ್ನ ಕಲೆ. "ಇವತ್ತು ಬೆನ್ನಿನ ಎಕ್ಸ್‌ರೇಗೆ ಒಂದು ಬೀರು ಬಂದಿತ್ತಮ್ಮ, ಬಾಗಿಲಲ್ಲಿ ಅಡ್ಡಡ್ಡ ತಿರುಗಿಸಿ ಒಳಗೆ ತಂದ್ವಿ," ಎಂದರೆ ಅಮ್ಮ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಇವಳು ಮಾತ್ರ ನಗುತ್ತಿರಲಿಲ್ಲ. ಎದ್ದು ಅಮ್ಮನ ತಟ್ಟೆಗೆ, ಕೇಳದಿದ್ದರೂ, ಇನ್ನೊಂದಿಷ್ಟು ಬಡಿಸುತ್ತಿದ್ದಳು. ನೋಡು, ನಾನು ನಗಿಸಿದರೆ ಇವಳು ಬಡಿಸಿ ಬೆಣ್ಣೆ ಹಚ್ಚುತ್ತಾಳೆ, ಎಂದುಕೊಳ್ಳುತ್ತಿದ್ದೆ.

ಹೀಗಿರುವಾಗ ಅಮ್ಮ ಬಚ್ಚಲುಮನೆಯಲ್ಲಿ ಜಾರಿ, ಕುಕ್ಕರಿಸಿದ ಹಾಗೆ ನೆಲಕ್ಕೆ ಬಿದ್ದಳು. ಏನೂ ಆಗಿಲ್ಲ ಎಂದು ಎದ್ದಳು. ನಾನು ಕೇಳಿದಾಗಲೆಲ್ಲ, "ಏನಿಲ್ಲ ಕಣೋ," ಎನ್ನುತ್ತಿದ್ದಳು. ನೋವಿದೆ ಎಂದು ನನಗೆ ಗೊತ್ತಾದದ್ದು ಹೆಂಡತಿಯಿಂದ. "ಅತ್ತೆಗೆ ಮಗ್ಗುಲಾಗೋಕೂ ಆಗ್ತಿಲ್ಲ ರೀ. ಸೊಂಟದ ಮೇಲೆ, ನಡುವೆ, ಚುಚ್ಚಿದ ಹಾಗಂತೆ." ನನಗೆ 'ಏನಿಲ್ಲ', ಅವಳಿಗೆ 'ಚುಚ್ಚಿದ ಹಾಗೆ'. ನನಗೂ ಚುಚ್ಚಿತು.

ಮೂಳೆ ಡಾಕ್ಟರು ನೋಡಿ ನೇರವಾಗಿ ಹೇಳಿದರು. "ಮೂಳೆ ಕುಸಿದಿದ್ರೆ ಮಲಗಿಸಿ ಪಟ್ಟಿ ಹಾಕ್ಬೇಕು, ಓಡಾಡಿಸಿದ್ರೆ ನರಕ್ಕೆ ಒತ್ತುತ್ತೆ. ಬರೀ ಸ್ನಾಯು ಹಿಡ್ಕೊಂಡಿದ್ರೆ ಓಡಾಡಿಸ್ಬೇಕು, ಮಲಗಿಸಿದ್ರೆ ಎದ್ದೇಳೋದೇ ಇಲ್ಲ. ಎರಡರಲ್ಲಿ ಯಾವುದು ಅಂತ ನನಗೆ ಗೊತ್ತಾಗ್ಬೇಕು. ನಮ್ಮ ಸ್ಕ್ಯಾನ್ ಯಂತ್ರದ ಬಳೆಯೊಳಗೆ ಅಮ್ಮ ಹಿಡಿಸಲ್ಲ. ಪಕ್ಕದಿಂದ ಒಂದು ಸ್ವಚ್ಛವಾದ ಎಕ್ಸ್‌ರೇ ಕೊಡಿ ಸಾಕು." ಹೇಳುವಾಗ ನನ್ನ ಕಡೆ ನೋಡುತ್ತಿದ್ದರು. ಕೊನೆಯ ಮಾತಿಗೆ ಮಾತ್ರ ನನ್ನ ಹೆಂಡತಿಯ ಕಡೆ ತಿರುಗಿದರು.

ಆ ತಿರುಗುವಿಕೆಯೇ ನನ್ನನ್ನು ಕೆಡಿಸಿತು. ಬೇರೆಯವರ ಬೆನ್ನು ಹಾಳಾಗಿ ಹೋಗಲಿ. ಇದು ನನ್ನ ಅಮ್ಮನ ಬೆನ್ನು. ಚಿಕ್ಕಂದಿನಲ್ಲಿ ನಾನು ಹತ್ತಿ ಕೂರುತ್ತಿದ್ದ ಬೆನ್ನು. ಅದನ್ನು ನಾನೇ ತೆಗೆಯುತ್ತೇನೆ ಎಂದು ಅಲ್ಲೇ ತೀರ್ಮಾನಿಸಿದೆ.

ಮರುದಿನ ಬೆಳಿಗ್ಗೆ ಹೆಂಡತಿಗೆ ಆಪರೇಷನ್ ಥಿಯೇಟರಿನಲ್ಲಿ ಎಕ್ಸ್‌ರೇ ಕೆಲಸ ಬಿದ್ದಿತ್ತು. ಹೊರಡುವಾಗ, "ನಾನು ಬಂದ ಮೇಲೆ ಇಬ್ಬರೂ ಸೇರಿ ತೆಗೆಯೋಣ ರೀ. ಅಲ್ಲಿವರೆಗೂ ಅತ್ತೆ ಕುರ್ಚಿಯಲ್ಲೇ ಕೂತಿರಲಿ, ಮೇಜು ಹತ್ತಿಸಬೇಡಿ," ಎಂದಳು. ಆಗಲಿ ಎಂದೆ. ಅಮ್ಮನನ್ನು ಟ್ಯಾಕ್ಸಿಯಲ್ಲಿ ಕರೆತಂದು, ಗಾಲಿಕುರ್ಚಿಯಲ್ಲಿ ಕೂರಿಸಿ, ನೇರ ನನ್ನ ರೂಮಿಗೆ ತಳ್ಳಿಕೊಂಡು ಹೋದೆ. ಬಾಗಿಲು ಹಾಕಿದೆ.

"ಪುಟ್ಟಿ ಎಲ್ಲಿ?" ಎಂದಳು ಅಮ್ಮ.

"ಕೆಲಸದಲ್ಲಿದ್ದಾಳೆ. ಅವಳಿಗೆ ಯಾಕೆ ಕಾಯೋದು, ನಾನಿಲ್ವಾ?"

"ಕಾಯೋಣ ಬಿಡೋ. ನನಗೇನು ಅವಸರ?"

"ಅಮ್ಮಾ, ಅವಳಿಗೆ ಕಲಿಸಿದ್ದೇ ನಾನು."

ಅಮ್ಮ ನನ್ನ ಮುಖ ನೋಡಿದಳು. ಆಮೇಲೆ, "ಸರಿ, ಎತ್ತು," ಎಂದಳು.

ಆಸ್ಪತ್ರೆಯ ಗೌನು ಅಮ್ಮನಿಗೆ ಹಿಂದೆ ಮುಚ್ಚಲಿಲ್ಲ. ಮೇಲೊಂದು ಬೆಡ್‌ಶೀಟು ಹೊದಿಸಿದೆ. ಮೇಜಿನ ಮೇಲೆ ಹತ್ತಿಸಿ, ಎಡಮಗ್ಗುಲಿಗೆ ಹೊರಳಿಸಿದೆ. ಅಮ್ಮ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು, ಅಷ್ಟೇ. ಮೊಣಕಾಲು ಮಡಿಸಮ್ಮ ಎಂದೆ, ಮಡಿಸಿದಳು. ಇನ್ನೂ ಹಿಂದಕ್ಕೆ ಸರಿ ಎಂದೆ, ಸರಿದಳು. ಅಮ್ಮನ ಸೊಂಟ ಮುಟ್ಟಿ ಮೂಳೆ ಹುಡುಕಲು ನನಗೆ ಕೈಯೇ ಏಳಲಿಲ್ಲ. ಮಗ ಹೇಗೆ ಮುಟ್ಟುವುದು? ನೀನೇ ಹೆಬ್ಬೆರಳು ಇಡಮ್ಮ ಎನ್ನಬಹುದಿತ್ತು. ನಾಲಗೆಯ ತುದಿಗೆ ಬಂತು ಕೂಡ. ನುಂಗಿಕೊಂಡೆ. ಅವಳ ಮಾತು ಅದು, ನನ್ನ ಬಾಯಲ್ಲಿ ಬರಕೂಡದು. ಕಣ್ಣಳತೆಯಲ್ಲಿ ಗುರುತು ಬಿಟ್ಟು, ಬೆಳಕನ್ನು ಪೂರ್ತಿ ಅಗಲಿಸಿ, ಗಾಜಿನ ಹಿಂದೆ ಓಡಿಹೋಗಿ ಒತ್ತಿದೆ.

ಮಂಜು. ಬರೀ ಮಂಜು. ಬೆನ್ನುಮೂಳೆ ಚಿತ್ರದ ಅಂಚಿನಲ್ಲಿ ಅರ್ಧ ಕತ್ತರಿಸಿ ಹೋಗಿತ್ತು.

"ಆಯ್ತಾ?" ಎಂದಳು ಅಮ್ಮ.

"ಇದು ಟ್ರಯಲ್ ಅಮ್ಮ. ಇನ್ನೊಂದು ಸಲ."

ಇಲ್ಲಿ ನಾನು ನಿಲ್ಲಿಸಬೇಕಿತ್ತು. ನಿಲ್ಲಿಸುವುದು ಹೇಗೆ? ಹೆಂಡತಿ ಬಂದು ಪರದೆಯ ಮೇಲೆ ಈ ಮಂಜನ್ನು ನೋಡುತ್ತಾಳೆ. ಏನೂ ಅನ್ನುವುದಿಲ್ಲ. ಅನ್ನದೆ ಇರುವುದರಲ್ಲಿ ಅವಳು ಪಂಡಿತೆ. ಅದನ್ನು ನೆನೆಸಿಕೊಂಡೇ ನನಗೆ ಮೈ ಪರಚಿಕೊಳ್ಳುವಂತಾಯಿತು. ಮತ್ತೆ ಒಳಗೆ ಹೋದೆ. ಅಮ್ಮನನ್ನು ಹಿಂದಕ್ಕೆ ಎಳೆದೆ, ಇನ್ನಷ್ಟು ಮಡಿಸಿದೆ, ಭುಜ ತಿರುಗಿಸಿದೆ. ಕಿರಣದ ಪ್ರಮಾಣವನ್ನು ಮೊದಲಿನ ಎರಡರಷ್ಟು ಮಾಡಿದೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವರ ಕಾಲರ್ ಹಿಡಿಯುತ್ತಿದ್ದೆ. ನನ್ನ ಹಠಕ್ಕೆ ನನ್ನ ಅಮ್ಮನ ಮೈಗೆ ಬೇಡದ ಕಿರಣ ಹೊಡೆಸಿದೆ. ಬೆಳಕು ಮಾತ್ರ ಅಗಲವಾಗಿಯೇ ಇತ್ತು.

ಎರಡನೆಯದೂ ಮಂಜು. ಈ ಸಲ ಮೂಳೆಗಳು ಚೌಕಟ್ಟಿನೊಳಗೆ ಬಂದಿದ್ದವು, ಆದರೆ ಸೋಪಿನ ನೀರಿನಲ್ಲಿ ಮುಳುಗಿದ ಪಾತ್ರೆಗಳ ಹಾಗೆ. ಯಾವುದು ಒಡೆದದ್ದು, ಯಾವುದು ನೆಟ್ಟಗಿರುವುದು, ದೇವರಿಗೇ ಗೊತ್ತು.

ಗಾಜಿನ ಹಿಂದೆ ನಿಂತು ಮೂರನೆಯ ಸಲಕ್ಕೆ ಪ್ರಮಾಣ ಏರಿಸುತ್ತಿದ್ದೆ. ಒಳಗಿಂದ ಅಮ್ಮ ಕರೆದಳು. ಎಕ್ಸ್‌ಚೇಂಜಿನಲ್ಲಿ ದುಡಿದ ದನಿ, ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

"ಬಾ ಇಲ್ಲಿ. ಬರಲಿಲ್ಲ ಅಲ್ವಾ?"

ನಾನು ಅವಳ ಬೆನ್ನ ಹಿಂದೆ ಹೋಗಿ ನಿಂತೆ. "ಬರುತ್ತೆ ಅಮ್ಮ. ಇನ್ನೊಂದೇ ಸಲ."

"ಸಾಕು. ಪುಟ್ಟಿ ಬರಲಿ."

"ನಿನಗೂ ಅವಳೇ ಬೇಕಾ?" ನನ್ನ ದನಿ ಏರಿತು. "ಡಾಕ್ಟರಿಗೆ ಅವಳು ಬೇಕು, ಲಾರಿ ಡ್ರೈವರಿಗೆ ಅವಳು ಬೇಕು, ಈಗ ನಿನಗೂ ಅವಳೇ. ನಾನು ಯಾರು ಈ ಮನೇಲಿ? ನನಗೇನೂ ಬರಲ್ಲ ಅಂತ ನೀನೂ ತೀರ್ಮಾನ ಮಾಡ್ಬಿಟ್ಟಿದ್ದೀಯ."

"ಬರಲ್ಲ ಅಂತ ಯಾರು ಹೇಳಿದ್ರು?" ಅಮ್ಮ ಗೋಡೆಯ ಕಡೆ ನೋಡುತ್ತಲೇ ಮಾತಾಡಿದಳು. ಮಗ್ಗುಲಾಗಿದ್ದವಳಿಗೆ ಬೇರೆ ಕಡೆ ನೋಡಲು ಆಗುತ್ತಿರಲಿಲ್ಲ. "ನಿನ್ನ ಕೈಲಿ ಬೇಡ ಅಂದಿದ್ದು ಅದಕ್ಕಲ್ಲ. ಊಟಕ್ಕೆ ಕೂತಾಗ ಹೇಳ್ತೀಯಲ್ಲ, ಇವತ್ತು ಬೀರು ಬಂದಿತ್ತು, ಇವತ್ತು ನೀರಿನ ಟ್ಯಾಂಕು ಬಂದಿತ್ತು ಅಂತ. ನಾನೂ ನಗ್ತೀನಿ. ನಕ್ಕ ಮೇಲೆ ನನಗೆ ಇನ್ನೊಂದು ಸೌಟು ಬಡಿಸಿಕೊಳ್ಳೋಕೆ ಕೈ ಬರಲ್ಲ. ಅದನ್ನ ಅವಳು ಕಂಡ್ಕೊಂಡಿದ್ದಾಳೆ, ಕೇಳದೇ ಹಾಕ್ತಾಳೆ. ಈ ಮೇಜಿನ ಮೇಲೆ ಮಲಗಿದಾಗಿಂದ ಯೋಚಿಸ್ತಿದ್ದೀನಿ, ಇವತ್ತು ರಾತ್ರಿ ನನಗೇನು ಹೆಸರಿಡ್ತೀಯ ಅಂತ."

ನೀನು ಬೇರೆ ಅಮ್ಮ, ಅವರು ಬೇರೆ, ಎನ್ನಬೇಕೆಂದುಕೊಂಡೆ. ಮೇಜಿನ ಮೇಲೆ ಮಲಗಿದ್ದ ಆ ಭಾರೀ ಮೈಯನ್ನು ನೋಡಿದೆ. ಬೇರೆ ಏನಿತ್ತು? ಲಾರಿ ಡ್ರೈವರನ ಅಮ್ಮನೂ ಹೀಗೇ ಇರಬಹುದು. ನಾಚಿಕೆಯಾಯಿತು. ಸುಳ್ಳು ಹೇಳುವುದಿಲ್ಲ, ನಾಚಿಕೆಯ ಜೊತೆಗೆ ಹೊಟ್ಟೆಕಿಚ್ಚೂ ಆಯಿತು. ಇಷ್ಟು ವರ್ಷ ನಾನು ನೋಡದೆ ಇದ್ದದ್ದನ್ನು ಅವಳು ಒಂದು ಸೌಟಿನಲ್ಲಿ ನೋಡಿದ್ದಳು.

ಅಷ್ಟರಲ್ಲಿ ಬಾಗಿಲು ತಟ್ಟಿ ಹೆಂಡತಿ ಒಳಗೆ ಬಂದಳು. ಥಿಯೇಟರಿನ ಹಸಿರು ಟೋಪಿ ಇನ್ನೂ ತಲೆಯ ಮೇಲಿತ್ತು. ಮೇಜಿನ ಮೇಲೆ ಅಮ್ಮನನ್ನು ನೋಡಿ ಅವಳ ಮುಖ ಬಿಗಿಯಿತು. ನನ್ನನ್ನು ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು, "ಈಗ ತಾನೇ ಹತ್ತಿದೆ ಪುಟ್ಟಿ. ಕೂತು ಕೂತು ಸಾಕಾಗಿತ್ತು, ನಾನೇ ಹಠ ಮಾಡಿದೆ. ಇವನು ಇನ್ನೂ ಯಂತ್ರ ಮುಟ್ಟಿಲ್ಲ. ನಿನಗೋಸ್ಕರಾನೇ ಕಾಯ್ತಿದ್ದ."

ಆ ಕ್ಷಣ ನನಗೆ ಎಷ್ಟು ಖುಷಿಯಾಯಿತೆಂದರೆ, ಹೇಳಲು ಸಂಕೋಚವಾಗುತ್ತದೆ. ಅಮ್ಮ ನನ್ನ ಕಡೆ! ಪುಟ್ಟಿಗೆ ಸುಳ್ಳು ಹೇಳಿದಳು, ನನಗೋಸ್ಕರ! ಹಿಂದಿನ ಎಲ್ಲ ಸೋಫಾ, ಎಲ್ಲ ಕಾಲುಗುರು, ಎಲ್ಲ ಧಾರಾವಾಹಿಗಳ ಲೆಕ್ಕ ಒಂದೇ ಏಟಿಗೆ ಚುಕ್ತಾ ಆದಂತಾಯಿತು.

ಹೆಂಡತಿ ಗಾಜಿನ ಹಿಂದೆ ಬಂದಳು. ಪರದೆಯ ಮೇಲೆ ನನ್ನ ಎರಡು ಮಂಜುಗಳು ಪಕ್ಕಪಕ್ಕದಲ್ಲಿ ಕೂತಿದ್ದವು. ಯಂತ್ರಕ್ಕೆ ಅಮ್ಮನಂತೆ ಸುಳ್ಳು ಹೇಳಲು ಬರುವುದಿಲ್ಲ. ಅವಳು ಎರಡನ್ನೂ ನೋಡಿದಳು, ಪ್ರಮಾಣ ಎಷ್ಟೆಂದು ಓದಿದಳು, ಹುಬ್ಬು ಒಂದಿಷ್ಟು ಎದ್ದಿತು. ಎರಡನ್ನೂ ಬದಿಗೆ ಸರಿಸಿದಳು. "ಸಾರ್, ನೀವು ಬಟನ್ ಹತ್ರ ನಿಲ್ತೀರಾ? ನಾನು ಒಳಗೆ ಸರಿಮಾಡ್ತೀನಿ," ಎಂದಳು. ಒಂದು ಮಾತು ಬೈದಿದ್ದರೂ ಜಗಳವಾಡಿ ಹಗುರಾಗುತ್ತಿದ್ದೆ. ಆ ಸುಖವನ್ನೂ ಕೊಡಲಿಲ್ಲ.

ಅವಳ ಚೀಲದಲ್ಲಿ ಗೌನು ಇತ್ತು. ಎರಡು ಗೌನುಗಳನ್ನು ಬಿಚ್ಚಿ ಜೋಡಿಸಿ ಒಂದು ಮಾಡಿ ಹೊಲಿದಿದ್ದಳು. ಯಾವಾಗ ಹೊಲಿದಳೋ, ನನಗೆ ಗೊತ್ತೇ ಇಲ್ಲ. ಬೆಡ್‌ಶೀಟಿನ ಅಡಿಯಲ್ಲೇ ಅದನ್ನು ಅಮ್ಮನಿಗೆ ತೊಡಿಸಿದಳು. ಎಲ್ಲ ಕಡೆ ಮುಚ್ಚಿತು. ಅಮ್ಮನ ಮುಖವೇ ಬದಲಾಯಿತು. "ಅತ್ತೆ, ನೀವು ಸ್ವಲ್ಪ ಓರೆಯಾಗಿದ್ದೀರ. ನೆಟ್ಟಗೆ ಮಾಡ್ತೀನಿ, ನೋವಾಗುತ್ತೆ," ಎಂದು ಒಂದು ಕೈಯನ್ನು ಭುಜಕ್ಕೂ ಇನ್ನೊಂದನ್ನು ಸೊಂಟಕ್ಕೂ ಕೊಟ್ಟು ಮೆಲ್ಲನೆ ಎಳೆದಳು.

"ಅಯ್ಯಯ್ಯೋ! ಸತ್ತೆ ಕಣೇ! ಬೇಡ ಬೇಡ ಬೇಡ!" ಅಮ್ಮ ಕಿರುಚಿದ ರಭಸಕ್ಕೆ ಕಾರಿಡಾರಿನಲ್ಲಿದ್ದ ಆಯಾ ಬಾಗಿಲು ತೆರೆದು ಇಣುಕಿದಳು.

ನಾನು ಎಳೆದಾಗ, ಮಡಿಸಿದಾಗ, ಭುಜ ತಿರುಗಿಸಿದಾಗ ಅಮ್ಮ ತುಟಿ ಪಿಟಕ್ಕೆಂದಿರಲಿಲ್ಲ. ಇವಳು ಮುಟ್ಟಿದ ಕೂಡಲೇ ಊರು ಒಂದಾಗುವಂತೆ ಕೂಗಿದಳು. ನೋವೂ ಅವಳಿಗೇ ಹೇಳಬೇಕೇ? ಆ ಕಿರುಚಾಟವೂ ನನ್ನ ಪಾಲಿಗೆ ಇಲ್ಲವೇ? ನಗಬೇಡಿ. ನನ್ನ ತಾಯಿ ನೋವಿಗೆ ಕಿರುಚುತ್ತಿದ್ದಾಗ ನಾನು ಆ ಕಿರುಚಾಟಕ್ಕೆ ಹೊಟ್ಟೆಕಿಚ್ಚುಪಟ್ಟೆ.

"ಕೂಗಿ ಅತ್ತೆ, ಕೂಗಿ. ಇನ್ನೊಂಚೂರು ಇದೆ," ಎನ್ನುತ್ತ ಹೆಂಡತಿ ಕೈ ಸಡಿಲಿಸದೆ ಪೂರ್ತಿ ನೆಟ್ಟಗೆ ಮಾಡಿದಳು. ಅಮ್ಮ ಸೊಂಟದ ಮೂಳೆಯನ್ನು ತಾನೇ ಹುಡುಕಿ ಅಲ್ಲಿ ಹೆಬ್ಬೆರಳು ಇಟ್ಟುಕೊಂಡಳು. ಬೆನ್ನ ಸಾಲು, ನಾಲ್ಕು ಬೆರಳು, ಸ್ಪಂಜು, ಬಟ್ಟೆಪಟ್ಟಿ, ಸೀಸದ ಹಾಳೆ, ಪುಸ್ತಕದಷ್ಟೇ ಕಿರಿದಾದ ಬೆಳಕು. ಅವಳು ಗಾಜಿನ ಈಚೆ ಬಂದು, "ಉಸಿರು ಬಿಡಿ ಅತ್ತೆ, ಪೂರ್ತಿ ಬಿಡಿ, ಹಾಗೇ ಇರಿ," ಎಂದಳು. ನನ್ನ ಕಡೆ ನೋಡಿ ತಲೆಯಾಡಿಸಿದಳು. ನಾನು ಒತ್ತಿದೆ.

ಚಿತ್ರ ಬಂತು. ಅಂಥ ಚಿತ್ರವನ್ನು ಆ ಮೈಯಿಂದ ನಾನು ನಿರೀಕ್ಷಿಸಿರಲಿಲ್ಲ. ಅಂಚುಗಳೆಲ್ಲ ಪೆನ್ಸಿಲಿನಲ್ಲಿ ಬರೆದಂತೆ ಇದ್ದವು. ಎಂಥಾ ಚಿತ್ರ ತೆಗೆದಳಪ್ಪಾ ಎಂಬುದೇ ನನ್ನ ತಲೆಗೆ ಬಂದ ಮೊದಲನೆಯ ಮಾತು. ಮೇಲಿನಿಂದ ಎಣಿಸಿದೆ. ಎರಡನೆಯ ಮೂಳೆಗೆ ಬಂದು ನಿಂತೆ. ಚೌಕವಾಗಿರಬೇಕಾದ ಮೂಳೆ ಮುಂಭಾಗದಲ್ಲಿ ಕುಸಿದು ಬೆಣೆಯಾಗಿತ್ತು. ಹೆಂಡತಿ ಅದನ್ನು ನನಗಿಂತ ಮೊದಲೇ ನೋಡಿದ್ದಳು. ಅವಳು ಪರದೆ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಕುಸಿದ ಮೂಳೆ. ಅದರ ಮೇಲೆ ನಾನು ಅಮ್ಮನನ್ನು ಹೊರಳಿಸಿದ್ದೆ. ಹಿಂದಕ್ಕೆ ಸರಿ ಎಂದಿದ್ದೆ, ಇನ್ನೂ ಮಡಿಸು ಎಂದಿದ್ದೆ, ಟ್ರಯಲ್ ಎಂದಿದ್ದೆ. ಅವಳು ಮೇಜಿನ ಅಂಚು ಹಿಡಿದು ಎಲ್ಲವನ್ನೂ ಮಾಡಿದ್ದಳು.

"ಅಂಗಾತ ಮಲಗಿಸ್ಬೇಕು. ಒಬ್ಬಳಿಗೆ ಆಗಲ್ಲ, ಬನ್ನಿ ರೀ," ಎಂದಳು ಹೆಂಡತಿ. ಆಸ್ಪತ್ರೆಯೊಳಗೆ ಅವಳು 'ರೀ' ಎಂದದ್ದು ನನಗೆ ಆಮೇಲೆ ಹೊಳೆಯಿತು.

ಅವಳು ಭುಜದ ಹತ್ತಿರ ನಿಂತಳು. ನಾನು ಸೊಂಟಕ್ಕೆ ಕೈ ಕೊಟ್ಟೆ. ಈ ಸಲ ನನ್ನ ಕೈ ಹಿಂದೆಗೆಯಲಿಲ್ಲ. ನಾನು ಮುಟ್ಟಿದ ಕೂಡಲೇ ಅಮ್ಮ ಕಣ್ಣು ಮುಚ್ಚಿ ತುಟಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡಳು.

"ಅಮ್ಮಾ, ನೋವಾದ್ರೆ ಕೂಗು," ಎಂದೆ.

ಅಮ್ಮ ಇಲ್ಲವೆಂದು ತಲೆಯಾಡಿಸಿದಳು.

"ಕೂಗಮ್ಮ. ಅವಳ ಹತ್ರ ಕೂಗಿದೆಯಲ್ಲ. ನನ್ನ ಹತ್ರ ಏನು ಬಿಗುಮಾನ?"

ಅಮ್ಮ ಕಣ್ಣು ತೆರೆದಳು. "ಅವಳು ನಾನು ಎಷ್ಟು ಕೂಗಿದ್ರೂ ಕೈ ಬಿಡಲ್ಲ ಕಣೋ," ಎಂದಳು. "ನೀನು ಹೆದರಿ ಬಿಟ್ಟುಬಿಡ್ತೀಯ."

ಹೆಂಡತಿ "ಹೂಂ" ಎಂದಳು, ಇಬ್ಬರೂ ಒಟ್ಟಿಗೆ ಹೊರಳಿಸಿದೆವು. ಆ ಭಾರವೆಲ್ಲ ನನ್ನ ಮುಂಗೈ ಮೇಲೆ ಬಂದು ಮೆಲ್ಲಗೆ ಇಳಿಯಿತು. ನಾನು ಬಿಡಲಿಲ್ಲ. ಅಮ್ಮ ಹೊರಳಿ ಮುಗಿಯುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದಳು, ಒಂದು ಸಲವೂ ಕೂಗಲಿಲ್ಲ.